ಡ್ರೈವರ್ ಮೇಷ್ಟ್ರ ನಲವತ್ತೆಂಟು ದಿನ

ಅವರ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪಗಿತ್ತು. ಹಳೆಯ ಖಾಕಿ ಪ್ಯಾಂಟನ್ನು ಮೊಣಕಾಲಿನ ಹತ್ತಿರ ಕತ್ತರಿಸಿ ಹೊಲಿಸಿಕೊಂಡ ಚಡ್ಡಿಯಲ್ಲಿ ಅವರು ನಮ್ಮೆದುರು ನಿಂತರೆ ಎಲ್ಲರ ಕಣ್ಣೂ ಮೊದಲು ಹೋಗುತ್ತಿದ್ದುದು ಅಲ್ಲಿಗೇ. ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಕ್ಲಚ್ಚು ತುಳಿದ ಕಾಲು ಅದು. ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ, ಪಾಂಡವಪುರಕ್ಕೆ, ಶ್ರೀರಂಗಪಟ್ಟಣಕ್ಕೆ ಎಷ್ಟು ಸಲ ಹೋಗಿ ಬಂದಿತ್ತೋ ಲೆಕ್ಕ ಇಟ್ಟವರಿಲ್ಲ.

ಸೀಟಿನ ಮೇಲೆ ಕೂತೂ ಕೂತೂ ಸೊಂಟ ಹಿಡಿದಾಗ ಮೈಸೂರಿನಲ್ಲಿ ಯಾರೋ ಅವರಿಗೆ ಯೋಗ ಹೇಳಿಕೊಟ್ಟರಂತೆ. ಸೊಂಟ ಬಿಟ್ಟಿತು, ಯೋಗ ಬಿಡಲಿಲ್ಲ. ರಿಟೈರ್ ಆಗಿ ಕಿಕ್ಕೇರಿಗೆ ಬಂದ ಮೇಲೆ ಬೆಳಗಿನ ಐದೂವರೆಗೆ ಸ್ಕೂಲಿನ ಜಗಲಿಯಲ್ಲಿ ಚಾಪೆ ಹಾಸಿ ಕೂತರು. ಮೊದಲ ವಾರ ಒಬ್ಬರೇ, ಆಮೇಲೆ ಇಬ್ಬರು, ವರ್ಷ ತುಂಬುವುದರೊಳಗೆ ಹದಿನೆಂಟು ಇಪ್ಪತ್ತು ಜನ. ಊರವರಿಗೆ ಅವರು ಡ್ರೈವರಣ್ಣ. ಜಗಲಿಯ ಮೇಲೆ ಕೂತ ನಮಗೆ ಡ್ರೈವರ್ ಮೇಷ್ಟ್ರು.

ನನ್ನದು ಬಸ್ ಸ್ಟ್ಯಾಂಡಿನ ಎದುರಿನ ದಿನಸಿ ಅಂಗಡಿ. ನಾನು ಆ ಜಗಲಿಗೆ ಹೋದದ್ದು ಆರೋಗ್ಯಕ್ಕಾಗಿ ಅಲ್ಲ. ನನ್ನ ಕೋಪ ಇಡೀ ಊರಿಗೆ ಗೊತ್ತಿತ್ತು. ನನ್ನ ಅಂಗಡಿಯಲ್ಲಿ ಸಾಮಾನು ಕೊಂಡವರು ಬೈಗುಳವನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ಅದನ್ನು ಕೇಳಿ ನನಗೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು ಅನ್ನಿ. ಒಂದು ದಿನ ಯಾರೋ ಕಟ್ಟಿಸಿಕೊಂಡು ಹೋದ ಸಕ್ಕರೆಯನ್ನು ವಾಪಸು ತಂದರು. ನಾನು ತಕ್ಕಡಿಯ ಅರ್ಧ ಕೆಜಿ ಕಲ್ಲು ಎತ್ತಿ ಬೀಸಿದೆ. ಯಾರಿಗೂ ಗುರಿಯಿಟ್ಟದ್ದಲ್ಲ. ಅದು ಕಡ್ಲೆಮಿಠಾಯಿಯ ಗಾಜಿನ ಜಾಡಿಗೆ ಬಡಿಯಿತು, ಒಡೆದ ಚೂರು ಪಕ್ಕದಲ್ಲಿ ಕೂತಿದ್ದ ನನ್ನ ಅವ್ವನ ಹುಬ್ಬು ಕುಯ್ದಿತು. ಮೂರು ಹೊಲಿಗೆ. ಹೊಲಿಗೆ ಹಾಕುವವರು ಏನಾಯಿತೆಂದು ಕೇಳಿದಾಗ ಅವ್ವ, "ವಸ್ಲು ಎಡವ್ದೆ ಕಣಪ್ಪ" ಅಂದಳು. ಪಕ್ಕದಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾರನೆಯ ಬೆಳಿಗ್ಗೆ ಚಾಪೆ ಸುತ್ತಿಕೊಂಡು ಜಗಲಿಗೆ ಹೋದೆ.

ಮೇಷ್ಟ್ರು ಆಸನಗಳಲ್ಲಿ ಅಂಥ ದೊಡ್ಡ ಪಂಡಿತರೇನಲ್ಲ. ಹೇಳಿಕೊಡುತ್ತಿದ್ದುದು ಹನ್ನೆರಡೋ ಹದಿಮೂರೋ. ಅವರ ನಿಜವಾದ ವಿದ್ಯೆ ಇದ್ದದ್ದು ಕೊನೆಯ ಹದಿನೈದು ನಿಮಿಷದಲ್ಲಿ. "ಎಲ್ಲಾರೂ ಗಾಡಿ ಆಫ್ ಮಾಡ್ರಪ್ಪಾ" ಅನ್ನುತ್ತಿದ್ದರು. ಅಂದರೆ ಶವಾಸನ. ಕಾಲಿನ ಹೆಬ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗದ ಹೆಸರು ಹೇಳಿ ಸಡಿಲ ಮಾಡಿಸಿ, ಮನಸ್ಸು ನಿದ್ದೆಗೂ ಎಚ್ಚರಕ್ಕೂ ನಡುವೆ ಬಂತು ಅನ್ನುವಾಗ, "ಈಗ ನಿಮ್‌ನಿಮ್ಮ ಸಂಕಲ್ಪ. ಮೂರ್ ಸಲ. ಮನ್ಸಲ್ಲೇ" ಅನ್ನುತ್ತಿದ್ದರು.

ಸಂಕಲ್ಪ ಎಂದರೇನೆಂದು ಮೊದಲ ದಿನವೇ ನನಗೆ ಹೇಳಿದ್ದರು. "ಬಸ್ಸಿಗೆ ನಾಗಮಂಗ್ಲ ಅಂತ ಬೋರ್ಡ್ ಆಕುದ್ ತಕ್ಷಣ ಬಸ್ಸು ನಾಗಮಂಗ್ಲಕ್ಕೆ ಓಗ್ಬುಡ್ತದೇನ್ಲಾ? ಬೋರ್ಡ್ ಆಕೋದು ಒಂದ್ ನಿಮ್ಸದ್ ಕೆಲ್ಸ. ಆಮ್ಯಾಕೆ ಗೇರ್ ಆಕ್ಬೇಕು, ತಿರುವಲ್ಲಿ ತಿರುಗುಸ್ಬೇಕು, ಎಮ್ಮೆ ಅಡ್ಡ ಬಂದ್ರೆ ನಿಲ್ಲುಸ್ಬೇಕು. ಜನ ಬೋರ್ಡ್ ಆಕ್ಬುಟ್ಟು ಸೀಟಲ್ಲಿ ನಿದ್ದೆ ಒಡೀತಾರೆ, ಇನ್ನೂ ಊರ್ ಬರ್ನಿಲ್ಲ ಅಂತಾರೆ."

ನಾನು ಮೊದಲು ಇಟ್ಟುಕೊಂಡ ಸಂಕಲ್ಪ 'ಇನ್ನು ಮೇಲೆ ನಾನು ಶಾಂತ ಮನುಷ್ಯ' ಎಂದು. ಎರಡೇ ದಿನದಲ್ಲಿ ಮಣ್ಣುಮುಕ್ಕಿತು. ನನ್ನ ಮುಖ ನೋಡಿಯೇ ಮೇಷ್ಟ್ರಿಗೆ ತಿಳಿಯಿತು. "ನಿಂದೇನು ಅಂತ ನಾನ್ ಕೇಳಾಕಿಲ್ಲ. ದೊಡ್ಡದಾಗಿದ್ರೆ ಚಿಕ್ಕದ್ ಮಾಡ್ಕೊ. ಕೈಗೆ ಸಿಗಂಗಿರ್ಬೇಕು" ಅಂದರು. ಆಮೇಲೆ ಬೇರೆ ಯಾವುದೋ ಮಾತಾಡುವವರ ಹಾಗೆ, "ಕ್ಲಚ್ ತುಳೀದೆ ಗೇರ್ ಆಕುದ್ರೆ ಏನಾಯ್ತದೆ? ಕಿರ್ರ್ ಅಂತದೆ. ಒಬ್ಬೊಬ್ರ ಬಾಯಿ ದಿನಾ ಅಂಗೇ ಅಂತಾದೆ. ಉಸ್ರು ಪೂರ್ತಿ ಈಚೆಗ್ ಬುಟ್ಟು ಆಮ್ಯಾಕೆ ಮಾತಾಡು. ಅದೇ ಕ್ಲಚ್ಚು" ಅಂದರು. ಅವತ್ತಿನಿಂದ ನನ್ನ ಸಂಕಲ್ಪ ಅಷ್ಟೇ ಆಯಿತು: ಕೋಪ ಬಂದಾಗ ಒಂದು ಉಸಿರು ಪೂರ್ತಿ ಬಿಟ್ಟು ಬಾಯಿ ತೆರೆಯುತ್ತೇನೆ.

ಅವರ ಜಗಲಿಯಲ್ಲಿ ಕೆಲವು ಕಟ್ಟಳೆಗಳಿದ್ದವು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಸಂಕಲ್ಪ ಒಂದೂ ದಿನ ತಪ್ಪದ ಹಾಗೆ ನಡೆಸಬೇಕು. ಒಂದು ಲೋಟದಲ್ಲಿ ನಲವತ್ತೆಂಟು ಹುಣಸೆಬೀಜ. ದಿನಕ್ಕೆ ಒಂದನ್ನು ಇನ್ನೊಂದು ಲೋಟಕ್ಕೆ ಹಾಕುತ್ತ ಬರಬೇಕು. ತಪ್ಪಿದರೆ ಎಲ್ಲವನ್ನೂ ಮೊದಲಿನ ಲೋಟಕ್ಕೆ ಸುರಿದು ಒಂದರಿಂದ ಶುರು. ನಲವತ್ತೇಳನೆಯ ದಿನ ತಪ್ಪಿದರೂ ಅಷ್ಟೇ. ಇನ್ನೊಂದು ಕಟ್ಟಳೆ, ಸಂಕಲ್ಪವನ್ನು ಯಾರಿಗೂ ಹೇಳಬಾರದು. ತನ್ನಿಂದ ಆಗುವುದಿಲ್ಲ ಅನ್ನುವವರು ಒಬ್ಬರನ್ನು ಮಾತ್ರ ಕಾವಲಿಗೆ ಇಟ್ಟುಕೊಳ್ಳಬಹುದು. ಆ ಒಬ್ಬರ ಬಾಯಿಂದ ಅದು ಮೂರನೆಯವರಿಗೆ ಹೋಗಕೂಡದು.

ವೆಲ್ಡಿಂಗ್ ಅಂಗಡಿಯ ಸಾಬಣ್ಣ ಶವಾಸನದಲ್ಲಿ ಗೊರಕೆ ಹೊಡೆಯುತ್ತಿದ್ದ. "ಮಾಫ್ ಮಾಡಿ ಮೇಷ್ಟ್ರೇ, ಮೂರ್ ಸಲ ಅನ್ನೋಕೆ ಮುಂಚೇನೇ ನೀಂದ್ ಬಂದ್ಬುಡ್ತದೆ" ಎಂದು ಅವನು ನಾಚಿಕೊಂಡರೆ ಮೇಷ್ಟ್ರು, "ಒಂದ್ ಸಲ ಅಂದಿದ್ದೀಯಲ್ಲ, ಸಾಕು ಬುಡು ಸಾಬಣ್ಣ" ಅನ್ನುತ್ತಿದ್ದರು. ಯಾರಿಗೂ ಗದರಿದವರಲ್ಲ. ತಪ್ಪಿದೆ ಎಂದು ಹೇಳಿಕೊಂಡವರಿಗೆ ಅವರ ಉತ್ತರ ಒಂದೇ: "ಕೆಟ್ ನಿಂತ್ರೆ ನಿಂತ್ಕತದೆ. ತಳ್ಳಿ ಸ್ಟಾರ್ಟ್ ಮಾಡು."

ನಾನು ಐದು ಸಲ ತಳ್ಳಿ ಸ್ಟಾರ್ಟ್ ಮಾಡಿದೆ. ಆರನೆಯ ಸಲ ನಲವತ್ತೆಂಟು ಮುಟ್ಟಿತು. ಅಷ್ಟರಲ್ಲಿ ಉಸಿರು ಬಿಟ್ಟು ಮಾತಾಡುವುದು ನನಗೆ ಅಭ್ಯಾಸವೇ ಆಗಿಹೋಗಿತ್ತು. ಅವ್ವನಿಗೆ ಮಾತ್ರ ದಿಗಿಲು. ಹಣೆ ಮುಟ್ಟಿ ನೋಡಿ, "ಯಾಕ್ಲಾ ಮೊಗ, ಉಸಾರಿಲ್ವಾ? ಒಂದ್ ವಾರದಿಂದ ಯಾರ್ಗೂ ಬಯ್ದೇ ಇಲ್ವಲ್ಲಾ" ಅಂದಳು. ಅದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ನಕ್ಕರು. ನಗುವಾಗ ಅವರ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಅದು ಅವರ ನಗುವ ರೀತಿ ಎಂದುಕೊಂಡಿದ್ದೆ.

ಅದು ಕಡ್ಡಿಪುಡಿಯ ಕೆಲಸ. ಹೊಗೆಸೊಪ್ಪಿನ ಆ ಪುಡಿಯನ್ನು ಅವರು ಎಡ ಅಂಗೈಗೆ ಸುರಿದುಕೊಂಡು, ಚಿಟಿಕೆ ಸುಣ್ಣ ಹಚ್ಚಿ, ಬಲಗೈ ಹೆಬ್ಬೆರಳಿನಲ್ಲಿ ತಿಕ್ಕಿ ದವಡೆಗೆ ಇಟ್ಟುಕೊಳ್ಳುತ್ತಿದ್ದರು. ಕ್ಲಾಸು ಮುಗಿಸಿ ನೇರ ನನ್ನ ಅಂಗಡಿಗೆ ಬರುವುದು, ಮಾತಿಲ್ಲದೆ ಕಟ್ಟೆಯ ಮೇಲೆ ಎರಡು ಬೆರಳು ಇಡುವುದು, ನಾನು ಎರಡು ಪೊಟ್ಟಣ ಕೊಡುವುದು. ದಿನದ ನನ್ನ ಮೊದಲ ವ್ಯಾಪಾರ ಗುರುಗಳದು ಎಂದು ಕಣ್ಣಿಗೊತ್ತಿಕೊಂಡು ಕೊಡುತ್ತಿದ್ದೆ. ಮೂರು ವರ್ಷ ಹೀಗೆ ಕೊಟ್ಟಿದ್ದೇನೆ. ಸಂಕಲ್ಪ ಹಿಡಿಸಿ ಊರಿನ ಅಷ್ಟು ಜನರ ಬೀಡಿ, ಕುಡಿತದ ಚಟ ಬಿಡಿಸಿದ ಮನುಷ್ಯ ಇದನ್ನು ಯಾಕೆ ತಿನ್ನುತ್ತಾರೆ ಎಂದು ಒಂದು ದಿನವೂ ನನಗೆ ಅನ್ನಿಸಲಿಲ್ಲ. ನಮ್ಮ ಕಡೆ ಕಡ್ಡಿಪುಡಿ ಒಂದು ಚಟವೆಂದು ಯಾರಾದರೂ ಅಂದುಕೊಂಡರೆ ತಾನೆ.

ಒಂದು ಬೆಳಿಗ್ಗೆ ಸಿಂಹಾಸನ ಮಾಡಿಸುತ್ತಿದ್ದರು. ಬಾಯಿ ಅಗಲಿಸಿ ನಾಲಿಗೆ ಗದ್ದಕ್ಕೆ ಮುಟ್ಟುವ ಹಾಗೆ ಚಾಚಬೇಕು. ಹೊಸದಾಗಿ ಸೇರಿದ್ದ ಟೀಚರಮ್ಮ ಒಬ್ಬರು, "ಒಂದ್ಸಲ ನೀವು ಮಾಡಿ ತೋರ್ಸಿ ಮೇಷ್ಟ್ರೇ" ಅಂದರು. ಮೇಷ್ಟ್ರು ಕೇಳಿಸದವರ ಹಾಗೆ ಮುಂದಿನ ಆಸನಕ್ಕೆ ಹೋದರು. ಅವತ್ತು ಅಂಗಡಿಗೆ ಬಂದವರು ಎರಡು ಬೆರಳನ್ನು ಕಟ್ಟೆಯ ಮೇಲೆ ಇಡಲಿಲ್ಲ. ತಮ್ಮ ಹಲ್ಲುಗಳ ನಡುವೆ ಇಟ್ಟು ತೋರಿಸಿದರು. ಎರಡನೆಯ ಬೆರಳು ಹೋಗಲಿಲ್ಲ.

"ಮುದ್ದೆ ತುತ್ತು ಇಡಿಯಾಕಿಲ್ಲ ಕಣ್ಲಾ. ಸಾರು ಉರೀತದೆ. ದವಡೆ ಒಳ್ಗೆ ಬಿಳಿ ಮಚ್ಚೆ ಎದ್ದದೆ. ಮೈಸೂರಲ್ಲಿ ತೋರ್ಸ್ದೆ. ಇವತ್ತೇ ಬುಡು, ಬುಟ್ರೆ ಉಳ್ಕತೀಯ ಅಂದವ್ರೆ ಡಾಕ್ಟ್ರು" ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನಾನೂ ಒಂದ್ ಮಂಡ್ಲ ಇಡೀತೀನಿ. ನೀನು ಕಾವಲು. ನಾನ್ ಕೇಳುದ್ರೂ ಕೊಡ್ಬ್ಯಾಡ. ಕೈ ಮುಗುದ್ ಕೇಳುದ್ರೂ ಕೊಡ್ಬ್ಯಾಡ."

ನಾನು, "ಮೇಷ್ಟ್ರೇ, ಅಂಗಡೀಲಿ ಕಡ್ಡಿಪುಡಿ ಇಡಾದೇ ನಿಲ್ಲುಸ್ಬುಡ್ತೀನಿ" ಅಂದೆ. "ಬ್ಯಾಡ ಕಣ್ಲಾ, ನಿನ್ ಯಾಪಾರ ಯಾಕ್ ಕೆಡುಸ್ಕತೀಯೆ? ಕಣ್ಮುಂದೆ ಇದ್ರೂ ಬ್ಯಾಡ ಅನ್ನಂಗಾಗ್ಬೇಕು ನಂಗೆ" ಅಂದರು. ನಾನು ಎರಡನೆಯ ಸಲ ಒತ್ತಾಯ ಮಾಡಲಿಲ್ಲ. ನಿಜ ಹೇಳುತ್ತೇನೆ, ಕಡ್ಡಿಪುಡಿ ನನ್ನ ಅಂಗಡಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಮಾಲು. ಅವರು ಬೇಡ ಅಂದದ್ದು ನನಗೆ ಅನುಕೂಲವೇ ಆಯಿತು.

ಅವರ ಎರಡು ಲೋಟಗಳನ್ನೂ ನನ್ನ ಅಂಗಡಿಯ ದೇವರ ಪಟದ ಕೆಳಗೆ ಇಟ್ಟೆವು. ಮೊದಲ ಸಲ ಹನ್ನೊಂದಕ್ಕೆ ನಿಂತಿತು. ಅವರೇ ಬಂದು, "ನಿನ್ನೆ ಪ್ಯಾಟೇಲಿ ಹಳೇ ಕಂಡಕ್ಟ್ರು ಸಿಕ್ಬುಟ್ಟ, ಕೊಟ್ಟ, ಆಕ್ಕೊಂಡ್ಬುಟ್ಟೆ" ಎಂದು ಒಪ್ಪಿಕೊಂಡು ಬೀಜ ಸುರಿದರು. ಎರಡನೆಯ ಸಲ ಇಪ್ಪತ್ತೊಂಬತ್ತು. ಆ ದಿನಗಳಲ್ಲಿ ಕ್ಲಾಸು ಮುಗಿದ ಮೇಲೆ ನನ್ನ ಅಂಗಡಿಯ ಗೋಣಿಚೀಲದ ಮೇಲೆ ಕೂತು ಕಣ್ಣು ಮುಚ್ಚಿ ಉಸಿರು ಎಣಿಸುತ್ತಿದ್ದರು. ಹೆಬ್ಬೆರಳು ಮಾತ್ರ ಖಾಲಿ ಅಂಗೈಯನ್ನು ತಿಕ್ಕುತ್ತಲೇ ಇರುತ್ತಿತ್ತು, ಅವರಿಗೇ ಗೊತ್ತಿಲ್ಲದ ಹಾಗೆ. ಅದನ್ನು ನೋಡಲಾರದೆ ನಾನು ಒಳಗೆ ಹೋಗಿ ಸುಮ್ಮನೆ ಬೇಳೆ ಡಬ್ಬ ಅತ್ತ ಇತ್ತ ಇಡುತ್ತಿದ್ದೆ.

ಮೂರನೆಯ ಮಂಡಲ ಚೆನ್ನಾಗಿ ನಡೆಯಿತು. ಮೂವತ್ತು ದಾಟಿತು. ಮೂವತ್ತೈದು ದಾಟಿತು. ಡಾಕ್ಟರು ಹೇಳಿದ್ದು ನಿಜವಾಗುತ್ತದೆ, ಮೇಷ್ಟ್ರು ಉಳಿಯುತ್ತಾರೆ ಎಂದು ನಾನು ಬೂಕನಕೆರೆಯ ನನ್ನ ಮಾವನ ಮನೆಗೆ ಹೋದಾಗ ಅಲ್ಲಿನ ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದೆ. ಮೂವತ್ತೊಂಬತ್ತನೆಯ ದಿನ ಸಂಜೆ ಪೇಟೆಯಿಂದ ಸಾಮಾನು ತಂದು ಜೋಡಿಸುತ್ತಿದ್ದಾಗ ಕಡ್ಡಿಪುಡಿಯ ಸರ ಬರಿದಾಗಿತ್ತು. ಯಾರಿಗೆ ಹೋಯಿತು ಎಂದು ಅವ್ವನನ್ನು ಕೇಳಿದೆ.

"ನೀನ್ ಪ್ಯಾಟೆಗೋದಾಗೆಲ್ಲ ಮೇಷ್ಟ್ರು ಬತ್ತಾರಲ್ಲ, ಎಲ್ಡೆಲ್ಡ್ ತಕ್ಕೋತಾರೆ" ಅಂದಳು.

"ಕೊಟ್ಯಾ?"

"ಕೊಡ್ದೆ? ನಿಂಗೆ ಇದ್ಯೆ ಯೋಳ್ಕೊಟ್ಟೋರು ಕಣ್ಲಾ. ಅಂತೋರು ಕೈ ಚಾಚ್ದಾಗ ಇಲ್ಲ ಅನ್ನಾಕಾಯ್ತದಾ?"

ಅವಳ ತಪ್ಪೇನೂ ಇರಲಿಲ್ಲ. ಮೂರನೆಯವರಿಗೆ ಹೇಳಬಾರದು ಎಂಬ ಕಟ್ಟಳೆಯನ್ನು ನಾನು ಅಷ್ಟು ನಿಯತ್ತಿನಿಂದ ಪಾಲಿಸಿದ್ದೆ, ನನ್ನ ಗೈರುಹಾಜರಿಯಲ್ಲಿ ಅಂಗಡಿಯಲ್ಲಿ ಕೂರುವ ನನ್ನ ಅವ್ವನಿಗೇ ಹೇಳಿರಲಿಲ್ಲ. ಒಂದು ಮಾತು ಅವಳ ಕಿವಿಗೆ ಹಾಕಿದ್ದರೆ ಅವಳು ಕಡ್ಡಿಪುಡಿಯ ಸರವನ್ನೇ ಸೀರೆಯಡಿ ಬಚ್ಚಿಟ್ಟುಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ಮೇಷ್ಟ್ರು ಬಂದು ಎಂದಿನಂತೆ ನಲವತ್ತನೆಯ ಬೀಜವನ್ನು ಎತ್ತಿದರು. ಯಾವ ಉಸಿರೂ ನನಗೆ ನೆನಪಾಗಲಿಲ್ಲ. ಎರಡೂ ಲೋಟಗಳನ್ನು ತೆಗೆದು ರಸ್ತೆಗೆ ಎಸೆದೆ. "ಯಾರ್ಗೆ ಮೋಸ ಮಾಡ್ತೀರಿ? ನಂಗಾ? ನಿಮ್ ಬಾಯ್ಗಾ? ನಮಗೆಲ್ಲ ಬೋಧ್ನೆ ಮಾಡಾಕೆ ನಾಚ್ಕೆ ಆಗಾಕಿಲ್ವಾ?" ಎಂದು ಕಿರುಚಿದೆ. ಮೊದಲ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವ್ವ ಬಾಗಿಲಿಗೆ ಬಂದು, ಅಭ್ಯಾಸಬಲದಿಂದ, ಕೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದುಕೊಂಡಳು.

ಮೇಷ್ಟ್ರು ಲೋಟಗಳು ಉರುಳಿದ ಕಡೆ ಹೋದರು. ರಸ್ತೆಯಲ್ಲಿ ಮಂಡಿಯೂರಿ ಹುಣಸೆಬೀಜಗಳನ್ನು ಒಂದೊಂದಾಗಿ ಆರಿಸಿದರು. ನಾನು ನಿಂತೇ ಇದ್ದೆ. ಅವರು ಎದ್ದು ಬಂದು, ನನ್ನ ಬೆನ್ನ ಮೇಲೆ ಕೈಯಿಟ್ಟು, "ಉಸ್ರು ಬುಡ್ಲಾ, ಮೊದ್ಲು ಉಸ್ರು ಬುಡು" ಅಂದರು. ಆಮೇಲೆ, "ನನ್ನಿಂದ ನಿಂದೂ ಕೆಟ್ಟೋಯ್ತಲ್ಲ ಮೊಗ" ಅಂದರು. ಆ ಮನುಷ್ಯನಿಗೆ ಆಗಲೂ ನನ್ನದೇ ಚಿಂತೆ. ಅಳು ಬಂತು. ಅಳುವುದಕ್ಕೂ ನಾಚಿಕೆಯಾಗಿ ಒಳಗೆ ಹೋದೆ.

ಸ್ವಲ್ಪ ಹೊತ್ತಿಗೆ ಅವರೂ ಒಳಗೆ ಬಂದು ಗೋಣಿಚೀಲದ ಮೇಲೆ ಕೂತರು. "ಬೆಳಗಿನ ಜಾವದ ಗಾಡಿಗೆ ನಿದ್ದೆ ಬರ್ದೇ ಇರ್ಲಿ ಅಂತ ಇಕ್ಕೊಳ್ಳಾಕ್ ಶುರು ಮಾಡ್ದೋನು ಕಣ್ಲಾ ನಾನು. ಐವತ್ ಜನ ಇಂದ್ಗಡೆ ಕುಂತಿರ್ತಾರೆ, ಅವ್ರ್ ಜೀವ ನನ್ ಕೈಲಿರ್ತದೆ. ಅವ್ರೆಲ್ಲ ಅವ್ರವ್ರ ಸ್ಟಾಪಲ್ಲಿ ಇಳ್ಕೊಂಡ್ ಓದ್ರು. ಇದ್ ಮಾತ್ರ ಇಳೀನಿಲ್ಲ" ಅಂದರು.

ಅವತ್ತೇ ಕಡ್ಡಿಪುಡಿ ತರುವುದನ್ನು ನಿಲ್ಲಿಸಿದೆ. ಆದರೆ ನಮ್ಮ ಸಾಲಿನಲ್ಲಿ ಇನ್ನೂ ಐದು ಅಂಗಡಿಗಳಿವೆ. ಅವರ ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಸಾಬಣ್ಣನಿಗೆ ಹೇಳಿದೆ, ಕ್ಲಾಸಿನವರಿಗೆಲ್ಲ ಹೇಳಿದೆ. ಎಲ್ಲರೂ ಕಾವಲು ಕಾದೆವು. ಬೇಸಿಗೆಯ ಹೊತ್ತಿಗೆ ದವಡೆಯ ಒಳಗಿನ ಬಿಳಿ ಮಚ್ಚೆ ಹುಣ್ಣಾಯಿತು. ಮೈಸೂರಿನಲ್ಲಿ ಎಡದವಡೆಯನ್ನೇ ತೆಗೆದರು. ಕಡ್ಡಿಪುಡಿ ಬಿಟ್ಟುಹೋದದ್ದು ಆಗ. ಅದಕ್ಕೆ ಸಂಕಲ್ಪ ಬೇಕಾಗಲಿಲ್ಲ.

ಆಪರೇಷನ್ ಆದ ಮೇಲೂ ನಾಲ್ಕು ತಿಂಗಳು ಜಗಲಿಗೆ ಬಂದರು. ಮುಖಕ್ಕೆ ಟವೆಲು ಸುತ್ತಿಕೊಂಡಿರುತ್ತಿದ್ದರು. ಮಾತು ಹೋಗಿತ್ತು. ಕೈಸನ್ನೆಯಲ್ಲೇ ಆಸನ ತಿದ್ದುತ್ತಿದ್ದರು, ಶವಾಸನದ ಮಾತುಗಳನ್ನು ನಾನು ಹೇಳಬೇಕಾಗಿತ್ತು. "ಗಾಡಿ ಆಫ್ ಮಾಡ್ರಪ್ಪಾ" ಎಂದು ಅವರಂತೆ ಹೇಳಲು ಹೋಗಿ, ಅರ್ಧಕ್ಕೇ ನಿಲ್ಲಿಸಿ, ಬರೀ 'ಶವಾಸನ' ಅಂದುಬಿಡುತ್ತಿದ್ದೆ. ಸಂಕಲ್ಪ ಹೇಳಿಕೊಳ್ಳುವ ಹೊತ್ತಿನಲ್ಲಿ ಒಮ್ಮೆ ಕಣ್ಣು ತೆರೆದು ನೋಡಿದೆ. ಟವೆಲಿನೊಳಗೆ ಅವರ ಗದ್ದ ಅಲುಗುತ್ತಿತ್ತು. ಏನು ಕೇಳಿಕೊಳ್ಳುತ್ತಿದ್ದರೋ ನನಗೆ ತಿಳಿಯದು.

ಕಾಯಿಲೆ ಕುತ್ತಿಗೆಗೆ ಇಳಿಯಿತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಕೊಟ್ಟರು. ನಾನು ದಿನಾ ಮಧ್ಯಾಹ್ನ ಅಂಗಡಿಯನ್ನು ಅವ್ವನಿಗೆ ಬಿಟ್ಟು ಹೋಗಿ ಅವರ ಕಾಲು ಒತ್ತುತ್ತ ಕೂರುತ್ತಿದ್ದೆ. ಆ ದಪ್ಪ ಮೀನಖಂಡ ಕರಗಿ ಎರಡು ಕಾಲೂ ಒಂದೇ ಸಮ ಆಗಿದ್ದವು. ಮೂಗಿನ ನಳಿಕೆಯಲ್ಲಿ ಗಂಜಿ ಬಿಡಲು ಅವರ ಮನೆಯವರು ನನಗೂ ಕಲಿಸಿದ್ದರು.

ಒಂದು ಮಧ್ಯಾಹ್ನ ಅವರ ಮನೆಯವರು ಹಿತ್ತಲಿನಲ್ಲಿದ್ದರು. ಮೇಷ್ಟ್ರು ಕಣ್ಣು ತೆರೆದು ನನ್ನನ್ನೇ ನೋಡಿದರು. ಎಡಗೈ ಎತ್ತಿ ಅಂಗೈ ಚಾಚಿದರು. ಬಲಗೈಯನ್ನು ಕಷ್ಟಪಟ್ಟು ತಂದು ಹೆಬ್ಬೆರಳಿನಿಂದ ಅಂಗೈಯನ್ನು ಎರಡು ಸಲ ತಿಕ್ಕಿದರು. ಮತ್ತೆ ಅಂಗೈ ಚಾಚಿದರು. ಬೇರೆ ಅರ್ಥಕ್ಕೆ ಎಡೆಯೇ ಇರಲಿಲ್ಲ.

ನನಗೆ ಕೋಪ ಬಂತು. ಅವರ ಮೇಲೋ ದೇವರ ಮೇಲೋ ಕಾಣೆ. ಉಸಿರನ್ನು ಪೂರ್ತಿ ಬಿಟ್ಟೆ. ಅವರು ಕಲಿಸಿದ ಹಾಗೆಯೇ, ದನಿ ಏರಿಸದೆ, ಅವರ ಕೈ ಹಿಡಿದುಕೊಂಡು, "ಇಲ್ಲ ಮೇಷ್ಟ್ರೇ, ಕೊಡಾಕಿಲ್ಲ" ಅಂದೆ. ಅವರು ನನ್ನನ್ನು ನೋಡುತ್ತಲೇ ಇದ್ದರು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಮಡಚಿ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದರು. ನಾಲ್ಕನೆಯ ದಿನ ಬೆಳಿಗ್ಗೆ, ನಾವೆಲ್ಲ ಜಗಲಿಯಲ್ಲಿ ಚಾಪೆ ಹಾಸುವ ಹೊತ್ತಿಗೆ, ಹೋಗಿಬಿಟ್ಟರು.

ರಸ್ತೆಗೆ ಲೋಟ ಎಸೆದ ಆ ಬೆಳಿಗ್ಗೆಯೇ ಕೊನೆ, ಇವತ್ತಿನವರೆಗೆ ನಾನು ಯಾರ ಮೇಲೂ ಕೂಗಿಲ್ಲ. ಅವ್ವ ಈಗ ನನ್ನ ಪಕ್ಕದಲ್ಲಿ ನೆಮ್ಮದಿಯಿಂದ ಕೂತು ತೂಕಡಿಸುತ್ತಾಳೆ. ಇದಿಷ್ಟೂ ಅವರು ಕೊಟ್ಟದ್ದು. ಅವರಿಗೆ ನನ್ನಿಂದ ಏನು ಮಾಡಲಿಕ್ಕಾಯಿತು ಎಂದು ಕೇಳಿಕೊಂಡರೆ, ಒಂದು ಸಲ ಗಟ್ಟಿಯಾಗಿ ಇಲ್ಲ ಅಂದೆ, ಅಷ್ಟೇ. ಕಾವಲಿನವನು ಕೊನೆಗಾದರೂ ಕೊಟ್ಟ ಮಾತಿಗೆ ನಿಂತ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲವು ದಿನ ಅದು ನಿಂತಿತು ಕೂಡ.

ತಿಥಿಯ ದಿನ ಊಟ ಮುಗಿದು ಎಲೆ ತೆಗೆಯುವಾಗ ಅವರ ಮನೆಯವರಿಗೆ ಆ ಮಧ್ಯಾಹ್ನದ ವಿಷಯ ಹೇಳಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆನೋ ಏನೋ. ಅವರು ಕೈಯಲ್ಲಿದ್ದ ಎಲೆಯನ್ನು ಮಡಚಿ ಕುಕ್ಕೆಗೆ ಹಾಕಿದರು. ಅವರ ದನಿಯಲ್ಲಿ ಬೇಸರವೂ ಇರಲಿಲ್ಲ, ಆಕ್ಷೇಪಣೆಯೂ ಇರಲಿಲ್ಲ.

"ಇಕ್ಕೊಳ್ಳಾಕೆ ಬಾಯೆಲ್ಲಿತ್ತು ಕಣಪ್ಪ ಅವ್ರಿಗೆ? ಒಂದ್ಸಲ ಮೂಸ್ ನೋಡಾಕೆ ಕೇಳಿರ್ತಾರೆ" ಅಂದರು.

ಅಷ್ಟು ನನಗೆ ಹೊಳೆದೇ ಇರಲಿಲ್ಲ.